ಗಾದಿ ಬಿಟ್ಟು ಏಳದವನು

ಏಪ್ರಿಲ್ ಎಂಟು, ಮಂಗಳವಾರ. ಮಧ್ಯಾಹ್ನ ಮೂರು ಗಂಟೆ ದಾಟಿತ್ತು. ಪೇಟೆ ಠಾಣೆಯ ಮೆಟ್ಟಿಲು ಹತ್ತಿ ಬಂದ ಯುವಕನ ಹಣೆಯಲ್ಲಿ ವಿಭೂತಿ ಇತ್ತು, ಬಿಳಿ ಅಂಗಿಯ ಇಸ್ತ್ರಿ ಕೆಟ್ಟಿರಲಿಲ್ಲ, ಕಾಲಲ್ಲಿ ಮಾತ್ರ ಚಪ್ಪಲಿ ಇರಲಿಲ್ಲ. ಆ ಬಿಸಿಲಿನಲ್ಲಿ ಚಿಕ್ಕಪೇಟೆಯ ರಸ್ತೆಯಲ್ಲಿ ಹಮಾಲಿಗಳೂ ಬರಿಗಾಲಲ್ಲಿ ನಡೆಯುವುದಿಲ್ಲ.

ಇನ್‌ಸ್ಪೆಕ್ಟರ್ ಮಾಯಣ್ಣ ಆಗಷ್ಟೇ ಊಟದ ಡಬ್ಬಿ ಮುಚ್ಚಿ ಅಂದಿನ ಪೇಪರನ್ನು ಮಡಚಿಟ್ಟಿದ್ದರು. ಮಡಚಿದ್ದು ಓದಿ ಮುಗಿದದ್ದಕ್ಕಲ್ಲ. ಮೂರನೇ ಪುಟದಲ್ಲಿ ನಿಶಾಂತನ ಫೋಟೋ ಇತ್ತು. ಮುಂದೆ ಮೇಜು, ಮೇಜಿನ ಮೇಲೆ ವಶಪಡಿಸಿಕೊಂಡ ಮಾದಕ ವಸ್ತುವಿನ ಪೊಟ್ಟಣಗಳು, ಹಿಂದೆ ಕೈಕಟ್ಟಿ ನಿಂತ ನಿಶಾಂತ. ಆರು ವರ್ಷದ ಹಿಂದೆ ಅದೇ ನಿಶಾಂತ ಇದೇ ಠಾಣೆಯಲ್ಲಿ ಮಾಯಣ್ಣನವರ ಕೈಕೆಳಗೆ ಪಂಚನಾಮೆ ಬರೆಯುವುದನ್ನು ಕಲಿತಿದ್ದ. ಈಗ ಕ್ರೈಂ ಬ್ರ್ಯಾಂಚಿನಲ್ಲಿದ್ದಾನೆ. ತಿಂಗಳಿಗೆ ಒಂದು ಸಲವಾದರೂ ಪೇಪರಿನಲ್ಲಿ ಬರುತ್ತಾನೆ. ಮಾಯಣ್ಣ ಪೇಪರನ್ನು ಫೋಟೋ ಕೆಳಗಾಗುವಂತೆ ತಿರುಗಿಸಿಟ್ಟರು.

"ಕಂಪ್ಲೇಂಟ್ ಕೊಡಬೇಕಿತ್ತು ಸಾರ್," ಅಂದ ಯುವಕ.

"ಕೂತ್ಕೊಳ್ಳಿ. ಹೆಸರು?"

"ಕೈಲಾಸ್. ನಂಜುಂಡಯ್ಯನವರ ರೇಷ್ಮೆ ಅಂಗಡಿ ಇದೆಯಲ್ಲ, ಅವರ ಎರಡನೇ ಮಗ. ಅಂಗಡಿ ಮಹಡಿ ಮೇಲೆ ಯಾರೋ ಕೊಕೇನ್ ಇಟ್ಟಿದಾರೆ."

ಪಕ್ಕದ ಮೇಜಿನಲ್ಲಿದ್ದ ಹೆಡ್ ಕಾನ್‌ಸ್ಟೆಬಲ್ ವಾಣಿ ತಲೆಯೆತ್ತಿದಳು.

"ಕೊಕೇನ್ ಅಂತ ನಿಮಗೆ ಹೇಗೆ ಗೊತ್ತು?" ಮಾಯಣ್ಣ ಕೇಳಿದರು.

"ಮೂರು ವರ್ಷ ತಗೊಂಡಿದೀನಿ ಸಾರ್. ಬಿಟ್ಟು ಒಂದು ವರ್ಷದ ಮೇಲಾಯ್ತು."

ಅದೇ ಹೊತ್ತಿಗೆ ಠಾಣೆಯ ಲ್ಯಾಂಡ್‌ಲೈನ್ ಹೊಡೆದುಕೊಂಡಿತು. ವಾಣಿ ಎತ್ತಿ, ಕೇಳಿಸಿಕೊಂಡು, ರಿಸೀವರನ್ನು ಅಂಗೈಯಿಂದ ಮುಚ್ಚಿ ಸ್ವಲ್ಪ ಹೊತ್ತು ಕೈಲಾಸನ ಮುಖವನ್ನೇ ನೋಡಿದಳು. ಆಮೇಲೆ ಫೋನಿಗೆ "ಹೆಸರು ಹೇಳಿ" ಅಂದಳು. ಆ ಕಡೆಯವರು ಇಟ್ಟುಬಿಟ್ಟಿದ್ದರು.

"ಏನಂತೆ?"

"ನಂಜುಂಡಯ್ಯನವರ ಅಂಗಡಿ ಮಹಡಿ ಮೇಲೆ ಚಿಕ್ಕ ಯಜಮಾನ್ರು ಕೊಕೇನ್ ತಗೊಳ್ತಿದಾರಂತೆ ಸಾರ್. ಕನ್ನಡಿ ಮೇಲೆ ಪುಡಿ ಹಾಕ್ಕೊಂಡು ಲಗ್ನಪತ್ರಿಕೆಯಲ್ಲಿ ಗೆರೆ ಎಳೀತಿದಾರಂತೆ. ಈಗಿಂದೀಗ ಬಂದ್ರೆ ಕೈಗೇ ಸಿಗ್ತಾರೆ ಅಂದ." ವಾಣಿ ಬೆಂಚಿನ ಕಡೆ ಕೈ ತೋರಿಸಿದಳು. "ಅವರು ನೋಡಿದ್ರೆ ಇಲ್ಲಿ ಕೂತಿದಾರೆ."

ಕೈಲಾಸನ ಮುಖದ ಬಣ್ಣ ಇಳಿಯಿತು. ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತ.

"ನೋಡಿದಾಗ ಬೇಕು ಅನ್ನಿಸ್ತಾ?" ಮಾಯಣ್ಣ ಕೇಳಿದರು.

"ಈಗಲೂ ಅನ್ನಿಸ್ತಿದೆ ಸಾರ್. ಅದಕ್ಕೇ ಇಲ್ಲಿ ಕೂತಿದೀನಿ."

*

ನಂಜುಂಡಯ್ಯನವರದು ಹಳೆಯ ಕ್ರಮದ ಅಂಗಡಿ. ಒಳಗೆ ಕಾಲಿಡುತ್ತಲೇ ಎಡಕ್ಕೆ ಬಿಳಿ ಹೊದಿಕೆಯ ದಪ್ಪ ಹಾಸಿಗೆ, ಒರಗು ದಿಂಬು, ಹಿಂದೆ ಗೋಡೆಯಲ್ಲಿ ಬಸವಣ್ಣನ ಪಟ. ಅದು ಗಾದಿ. ಯಜಮಾನ ಕೂರುವ ಜಾಗ. ಉಳಿದ ಅಂಗಡಿಗಳು ಗಾಜಿನ ಕೌಂಟರಿಗೆ ಬದಲಾಗಿ ಎಷ್ಟೋ ಕಾಲವಾಗಿದ್ದರೂ ಇಲ್ಲಿ ಗಾದಿ ಉಳಿದಿತ್ತು. ಅದರ ಮೇಲೆ ಮೂವತ್ತೈದರ ಆಸುಪಾಸಿನ, ದುಂಡು ಮುಖದ ಒಬ್ಬರು ಕೂತಿದ್ದರು. ಹಿರಿಯ ಮಗ ಗೌರೀಶ್.

ಪೊಲೀಸರು ಪಂಚರಿಬ್ಬರ ಜೊತೆ ಒಳಗೆ ಬಂದಾಗ ಸೀರೆ ನೋಡುತ್ತಿದ್ದ ಹೆಂಗಸರೆಲ್ಲ ಎದ್ದು ನಿಂತರು. ಗೌರೀಶ್ ಏಳಲಿಲ್ಲ. ಕೂತಲ್ಲೇ ಕೈಮುಗಿದರು.

"ತಪ್ಪು ತಿಳ್ಕೋಬೇಡಿ ಸಾರ್. ಸಂಜೆ ದೀಪ ಹಚ್ಚೋವರೆಗೂ ಗಾದಿ ಬಿಟ್ಟು ಏಳೋ ಹಾಗಿಲ್ಲ. ತಾತನ ಕಾಲದ ಕ್ರಮ."

"ಊಟಕ್ಕೂ ಏಳಲ್ವಾ?"

"ಒಂದೇ ಸಲ ಏಳಬಹುದು. ಈ ಗಜಕೋಲು ಗಾದಿ ಮೇಲೆ ಇಟ್ಟು ಹೋಗ್ತೀವಿ. ಅದು ಇರೋವರೆಗೂ ಬೇರೆ ಯಾರೂ ಕೂರೋ ಹಾಗಿಲ್ಲ." ಪಕ್ಕದಲ್ಲಿದ್ದ, ಬಟ್ಟೆ ಅಳೆಯುವ ಹಿತ್ತಾಳೆಯ ಗಜಕೋಲನ್ನು ಅವರು ಬೆರಳ ತುದಿಯಿಂದ ಮುಟ್ಟಿದರು. ಆಮೇಲೆ ದನಿ ತಗ್ಗಿಸಿ, "ಕೈಲಾಸ ಎಲ್ಲಿ ಸಾರ್? ತಗೊಂಡಿದಾನಾ?" ಎಂದು ಕೇಳಿದರು.

"ಏನನ್ನ?"

ಗೌರೀಶ್ ಗಜಕೋಲನ್ನು ಸರಿಸಿಟ್ಟರು. "ಅವನ ವಿಷಯ ಪೇಟೆಗೆಲ್ಲ ಗೊತ್ತಲ್ಲ ಸಾರ್. ಪೊಲೀಸ್ ಬಂದ್ರೆ ಇನ್ನೇನಿರುತ್ತೆ."

ಮಾಯಣ್ಣನವರಿಗೆ ಆ ಉತ್ತರ ಸಹಜ ಅನ್ನಿಸಿತು. ಆದರೂ ಮನಸ್ಸಿನಲ್ಲಿ ಇಟ್ಟುಕೊಂಡರು.

ಮಹಡಿ ಮೇಲೆ ದಾಸ್ತಾನಿನ ಕೋಣೆ. ದಿನವೂ ಮೂರು ಗಂಟೆಗೆ ಕೈಲಾಸ ಒಬ್ಬನೇ ಬಂದು ಹೊಸ ಸೀರೆಗಳ ನೆಯ್ಗೆ ನೋಡುತ್ತಿದ್ದ. ಅವನು ಕೂರುವ ಮಣೆಯ ಮುಂದೆ ಸೀರೆ ಪೆಟ್ಟಿಗೆಯ ಮುಚ್ಚಳವೊಂದು ಕವುಚಿ ಬಿದ್ದಿತ್ತು. ಅದನ್ನು ತಾನೇ ಮುಚ್ಚಿದ್ದಾಗಿ ಅವನು ಠಾಣೆಯಲ್ಲಿ ಹೇಳಿದ್ದ. ಮುಚ್ಚಳ ಎತ್ತಿದಾಗ ಕೆಳಗೆ ಗಿರಾಕಿಗಳಿಗೆ ಕೊಡುವ ಕೈಗನ್ನಡಿ ಅಂಗಾತ ಮಲಗಿತ್ತು. ಅದರ ಮೇಲೆ ಬಿಳಿ ಪುಡಿ. ಪಕ್ಕದಲ್ಲಿ ನಾಲ್ಕು ಮೂಲೆಗೂ ಅರಿಶಿನ ಹಚ್ಚಿದ ಒಂದು ಲಗ್ನಪತ್ರಿಕೆ.

ಪರೀಕ್ಷಾ ಕಿಟ್ಟಿನ ದ್ರವ ತಾಗಿದ ಕೂಡಲೇ ಪುಡಿ ನೀಲಿಯಾಯಿತು. ತೂಗಿದಾಗ ಒಂದೂವರೆ ಗ್ರಾಂ. ಪಂಚನಾಮೆ ಬರೆದು, ಮಾದರಿ ಮೊಹರು ಮಾಡಿ ಪ್ರಯೋಗಾಲಯಕ್ಕೆ ಕಳಿಸಲು ವಾಣಿ ಚೀಟಿ ಅಂಟಿಸಿದಳು. ಹಿಂಬದಿಯಲ್ಲಿ ಗಲ್ಲಿಗೆ ಇಳಿಯುವ ಕಿರಿದಾದ ಮೆಟ್ಟಿಲಿತ್ತು. ಕೈಲಾಸ ಇಳಿದು ಹೋದದ್ದು ಅಲ್ಲಿಂದ.

"ಮುಂದಿನ ಬಾಗಿಲಿಂದ ಯಾಕೆ ಹೋಗಲಿಲ್ಲ?" ಎಂದು ಮಾಯಣ್ಣ ಆಮೇಲೆ ಕೇಳಿದಾಗ ಅವನು ಹೇಳಿದ್ದು: "ಚಪ್ಪಲಿ ಮುಂದಿನ ಬಾಗಿಲಲ್ಲಿತ್ತು ಸಾರ್. ಹಾಕ್ಕೊಳ್ಳೋಕೆ ನಿಂತ್ರೆ ವಾಪಸ್ ಹತ್ತಿಬಿಡ್ತಿದ್ದೆ."

ಕೆಳಗಿಳಿದಾಗ ಗೌರೀಶ್ ಗಾದಿಯಿಂದಲೇ ಮತ್ತೆ ಕೇಳಿದರು. "ತಗೊಂಡಿದಾನಾ ಸಾರ್?"

*

ಸಂಜೆ ಕೈಲಾಸನನ್ನು ಆಸ್ಪತ್ರೆಗೆ ಕರೆದೊಯ್ದು ರಕ್ತ, ಮೂತ್ರ ಪರೀಕ್ಷೆಗೆ ಕೊಟ್ಟು ಬಂದರು. ಎಫ್‌ಐಆರ್ ಟೈಪು ಮಾಡುತ್ತಿದ್ದ ವಾಣಿ ಒಂದು ಕಡೆ ಕೈ ನಿಲ್ಲಿಸಿದಳು.

"ಆರೋಪಿ ಅನ್ನೋ ಕಡೆ ಏನು ಹಾಕ್ಲಿ ಸಾರ್?"

ಮಾಯಣ್ಣ ಲೆಕ್ಕ ಹಾಕಿದರು. ಪುಡಿ ಸಿಕ್ಕಿದ್ದು ಕೈಲಾಸನ ಕೋಣೆಯಲ್ಲಿ. ಹಳೆಯ ಚಟ ಅವನೇ ಒಪ್ಪಿದ್ದಾನೆ. ಸಿಕ್ಕಿಬೀಳುವ ಭಯಕ್ಕೆ ತಾನೇ ಓಡಿಬಂದು ದೂರು ಕೊಟ್ಟ ಅಂದರೆ ಯಾರೂ ಇಲ್ಲ ಅನ್ನುವುದಿಲ್ಲ. ಪೇಟೆಯ ದೊಡ್ಡ ರೇಷ್ಮೆ ವ್ಯಾಪಾರಿಯ ಮಗ. ಒಂದು ಫೋನ್ ಮಾಡಿದರೆ ಪತ್ರಕರ್ತರು ಠಾಣೆಯ ಮೆಟ್ಟಿಲ ಮೇಲಿರುತ್ತಾರೆ. ನಾಳೆಯ ಮೂರನೇ ಪುಟದಲ್ಲಿ ಮೇಜು, ಮೇಜಿನ ಹಿಂದೆ ಮಾಯಣ್ಣ. ನಿಶಾಂತ ಬೆಳಗಿನ ಕಾಫಿ ಕುಡಿಯುತ್ತಾ ಅದನ್ನು ನೋಡುವ ದೃಶ್ಯ ಅವರ ಕಣ್ಣ ಮುಂದೆ ಬಂತು. ಬಂದದ್ದು ಹಿತವಾಗಿಯೇ ಇತ್ತು.

"ನಿಶಾಂತ್ ಸಾರ್ ಆಗಿದ್ರೆ ಇಷ್ಟೊತ್ತಿಗೆ ಬೆಳ್ಳಿ ಬಣ್ಣದ ಮೇಜುಬಟ್ಟೆ ಹಾಸಿರ್ತಿದ್ರು," ಅಂದಳು ವಾಣಿ, ಪರದೆಯಿಂದ ಕಣ್ಣು ತೆಗೆಯದೆ.

"ನೀನು ಟೈಪ್ ಮಾಡಮ್ಮ. 'ಅಪರಿಚಿತ ವ್ಯಕ್ತಿ' ಅಂತ ಹಾಕು."

ಆಮೇಲೆ ಕೈಲಾಸನನ್ನು ಎದುರಿಗೆ ಕೂರಿಸಿಕೊಂಡು ಕೇಳಿದರು.

"ಲಗ್ನಪತ್ರಿಕೆ ಯಾಕೆ?"

"ಕೆಲವರು ಎಟಿಎಂ ಕಾರ್ಡಲ್ಲಿ ಗೆರೆ ಮಾಡ್ಕೋತಾರೆ ಸಾರ್. ನಮ್ಮ ಅಂಗಡೀಲಿ ಲಗ್ನಪತ್ರಿಕೆಗಳು ರಾಶಿ ಬೀಳ್ತವೆ. ನಾನು ಅದನ್ನೇ ಬಳಸ್ತಿದ್ದೆ. ಆ ಅರಿಶಿನದ ವಾಸನೆ ಬಂದ್ರೆ ಸಾಕು, ಬಾಯಿ ಒಣಗೋದು."

"ಇದು ಯಾರಿಗೆ ಗೊತ್ತು?"

"ಯಾರಿಗೂ ಹೇಳಿರಲಿಲ್ಲ. ಮಲ್ಲೇಶ್ವರದಲ್ಲಿ ಡಾಕ್ಟರ್ ರಂಗನಾಯಕಿ ಮೇಡಂ ಹತ್ತಿರ ಒಂದೇ ಒಂದು ಸಲ ಬಾಯಿ ಬಿಟ್ಟೆ. ಮನೆಯವರನ್ನ ಜೊತೆಗೆ ಕೂರಿಸ್ಕೊಂಡು ಮಾತಾಡಿಸ್ತಾರೆ."

"ಅವತ್ತು ಯಾರಿದ್ರು?"

ಕೈಲಾಸ ನೆಲ ನೋಡಿದ. "ಅಮ್ಮ ಇದ್ರು. ಅಣ್ಣ ಇದ್ದ. ಸಾರ್, ಅಣ್ಣನ ಮೇಲೆ ಹೋಗಬೇಡಿ. ನಾನು ಬಾತ್‌ರೂಮಲ್ಲಿ ಬಿದ್ದಿದ್ದಾಗ ಹೊತ್ಕೊಂಡು ಆಸ್ಪತ್ರೆಗೆ ಓಡಿದವನು ಅವನು."

"ಮತ್ತೆ ಯಾರ ಮೇಲೆ ಅನುಮಾನ?"

"ನನಗೆ ಮಾಲು ಕೊಡ್ತಿದ್ದವನು ಮತ್ತಿಕೆರೆ ಪಿ.ಜಿ.ಲಿ ಇದ್ದ. ನಾನು ಬಿಟ್ಟಮೇಲೆ ಎರಡು ಸಲ ಮೆಸೇಜ್ ಮಾಡಿದ್ದ. ಅವನಿಗೆ ಗಿರಾಕಿ ವಾಪಸ್ ಬೇಕು."

ಠಾಣೆಗೆ ಬಂದ ಕರೆಯ ನಂಬರನ್ನು ಅಷ್ಟರಲ್ಲಿ ಕಂಪನಿಗೆ ಕಳಿಸಿ ವಿಳಾಸ ತರಿಸಿದ್ದರು. ವಾಣಿ ಚೀಟಿ ಮುಂದಿಟ್ಟಳು. ವಿಳಾಸ ಮತ್ತಿಕೆರೆಯದು.

*

ಬುಧವಾರ ಬೆಳಿಗ್ಗೆ ಮತ್ತಿಕೆರೆಯ ಆ ಅಡ್ಡರಸ್ತೆಗೆ ಜೀಪು ತಿರುಗಿದಾಗ ಪಿ.ಜಿ. ಕಾಣಲಿಲ್ಲ. ಕಂಡದ್ದು ಹಸಿರು ಚಪ್ಪರ, ಬಾಳೆಕಂಬ, ಸಾಲಾಗಿ ಒಣಹಾಕಿದ ಹಪ್ಪಳ. ನಂಬರಿನ ಒಡತಿ ಚಿಕ್ಕಮುನಿಯಮ್ಮನಿಗೆ ಅರವತ್ತೆಂಟು ವರ್ಷ. ಮೊಮ್ಮಗಳ ಮದುವೆ.

"ನಾನ್ಯಾಕಪ್ಪಾ ಪೊಲೀಸ್‌ಗೆ ಫೋನ್ ಮಾಡ್ಲಿ? ನನ್ನ ಮಗನಿಗೇ ಮಾಡೋಕೆ ಬರಲ್ಲ. ಅವನು ಮಾಡಿದ್ರೆ ಎತ್ತೋದು, ಅಷ್ಟೇ ನನಗೆ ಗೊತ್ತಿರೋದು."

"ಮೊನ್ನೆ ಮಧ್ಯಾಹ್ನ ನಿಮ್ಮ ಫೋನು ಯಾರ ಹತ್ತಿರ ಇತ್ತಮ್ಮ?"

"ಮೊನ್ನೆ ಯಾವಾಗ?"

"ಮಂಗಳವಾರ, ಅಂದ್ರೆ ನಿನ್ನೆ," ವಾಣಿ ತಿದ್ದಿದಳು. "ಸಾರ್‌ಗೆ ನಿದ್ದೆ ಆಗಿಲ್ಲ."

"ನಿನ್ನೆ ಚಿಕ್ಕಪೇಟೇಲಿದ್ವಲ್ಲ, ಧಾರೆ ಸೀರೆ ತರೋಕೆ. ಹನ್ನೊಂದಕ್ಕೆ ಒಳಗೆ ಹೋದೋರು ಮೂರೂವರೆ ಹೊತ್ತಿಗೆ ಹೊರಗೆ ಬಂದ್ವಿ. ಹದಿನಾಲ್ಕು ಜನ ಹೋದ್ರೆ ಹದಿನಾಲ್ಕು ಮಾತು. ಒಬ್ಬಳಿಗೆ ಅಂಚು ಅಗಲ ಅಂತೆ, ಇನ್ನೊಬ್ಬಳಿಗೆ ಸೆರಗು ಸಾಲದಂತೆ. ನನ್ನ ಫೋನು ಅಲ್ಲೇ ಸತ್ತುಹೋಯ್ತು. ಗಾದಿ ಮೇಲಿದ್ದ ಯಜಮಾನ್ರಿಗೆ ಚಾರ್ಜಿಗೆ ಕೊಟ್ಟೆ."

"ಅವರ ಕೈಗೇ ಕೊಟ್ರಾ?"

"ಅವರ ಕೈಗೇ. ಗಾದಿ ಅಡೀಲಿ ವೈರು ಇಟ್ಟಿರ್ತಾರೆ. ಎಲ್ಲರ ಫೋನೂ ಅಲ್ಲೇ ಹಾಕ್ತಾರೆ, ಮರ್ಯಾದಸ್ಥರ ಅಂಗಡಿ. ಬೇರೆಯವರು ಕೈ ಹಾಕೋ ಜಾಗ ಅಲ್ಲ ಅದು."

"ಫೋನಿಗೆ ಲಾಕ್ ಇಲ್ವಾ?"

"ಲಾಕ್ ಹಾಕಿದ್ರೆ ತೆಗೆಯೋಳು ಯಾರು, ನೀನು ಬರ್ತೀಯಾ?"

ವಾಣಿ ನಗು ತಡೆದುಕೊಂಡು ಹೇಳಿಕೆ ಬರೆದುಕೊಂಡಳು. ಮಾಯಣ್ಣ ತಮ್ಮ ಮೊಬೈಲಿನಲ್ಲಿ ಲಗ್ನಪತ್ರಿಕೆಯ ಚಿತ್ರ ತೋರಿಸಿದರು.

"ಅಯ್ಯೋ, ಇದು ನಮ್ಮದೇ! ಮೊದಲನೇದು ಮನೆದೇವರಿಗೆ, ಎರಡನೇದು ಧಾರೆ ಸೀರೆ ಕೊಡೋ ಅಂಗಡಿಗೆ. ಹೋದ ತಕ್ಷಣ ಅದೇ ಯಜಮಾನ್ರ ಕೈಗೆ ಕೊಟ್ಟೆ, ಬಸವಣ್ಣನ ಪಟದ ಮುಂದೆ ಇಡಿ ಅಂತ. ಇದ್ಯಾಕೆ ಇಲ್ಲಿಗೆ ಬಂತು? ದೇವರ ಮುಂದೆ ಇಡಲಿಲ್ವಾ ಆ ಮನುಷ್ಯ?"

ಜೀಪು ಮತ್ತಿಕೆರೆ ದಾಟುತ್ತಿತ್ತು. ಆಸ್ಪತ್ರೆಯಿಂದ ಕರೆ ಬಂತು. ಕೈಲಾಸನ ರಕ್ತದಲ್ಲೂ ಮೂತ್ರದಲ್ಲೂ ಕೊಕೇನಿನ ಅಂಶವಿಲ್ಲ.

"ಗಾದಿ ಮೇಲೆ ಅಪ್ಪನೂ ಕೂರ್ತಾರೆ ಸಾರ್," ಅಂದಳು ವಾಣಿ.

"ನಂಜುಂಡಯ್ಯ ನಿನ್ನೆ ಇಡೀ ದಿನ ಸಂಪಿಗೆ ರಸ್ತೆಯಲ್ಲಿದ್ರು. ಬಸವ ಜಯಂತಿ ದಿನ ಅಲ್ಲಿ ಹೊಸ ಅಂಗಡಿ ಶುರು. ಬಡಗಿಗಳ ಜೊತೆ ನಿಂತಿದ್ರು, ಹತ್ತು ಜನ ನೋಡಿದಾರೆ."

"ಹೊಸ ಅಂಗಡಿ ಗಾದಿ ಮೇಲೆ ಯಾರು ಕೂರೋದಂತೆ?"

ಮಾಯಣ್ಣ ಅವಳ ಕಡೆ ತಿರುಗಿದರು. ಆ ಪ್ರಶ್ನೆ ಅವರಿಗೆ ಹೊಳೆದಿರಲಿಲ್ಲ.

*

ಡಾಕ್ಟರ್ ರಂಗನಾಯಕಿಯವರ ಸಂಶೋಧನಾ ಕೇಂದ್ರ ಮಲ್ಲೇಶ್ವರದ ಒಂದು ಹಳೆಯ ಮನೆಯಲ್ಲಿತ್ತು. ಕೊಕೇನ್ ಬಳಸಿದವರು ಆಯ್ಕೆಗಳನ್ನು ಹೇಗೆ ಮಾಡುತ್ತಾರೆ ಅನ್ನುವುದು ಅವರ ಅಧ್ಯಯನ. ಕೈಲಾಸನ ಲಿಖಿತ ಒಪ್ಪಿಗೆ ನೋಡಿದ ಮೇಲೆಯೇ ಅವರು ಮಾತಾಡಿದ್ದು.

"ಮೊದಲು ಇದನ್ನ ಆಡಿ," ಎಂದು ಮಾಯಣ್ಣನವರ ಮುಂದೆ ನಾಲ್ಕು ಕಟ್ಟು ಇಸ್ಪೀಟೆಲೆ ಇಟ್ಟರು. "ಯಾವ ಕಟ್ಟಿನಿಂದ ಬೇಕಾದ್ರೂ ಎತ್ತಿ. ಎಲೆ ಮೇಲೆ ಗೆದ್ದ ಅಂಕ, ಕಳ್ಕೊಂಡ ಅಂಕ ಬರೆದಿದೆ."

ಎಡತುದಿಯ ಕಟ್ಟಿನಲ್ಲಿ ಮಾಯಣ್ಣನವರಿಗೆ ಮೊದಲೆರಡು ಸಲ ದೊಡ್ಡ ಗೆಲುವು ಬಂತು. ಆಮೇಲೆ ಗೆದ್ದದ್ದೆಲ್ಲ ಒಂದೇ ಎಲೆಯಲ್ಲಿ ಹೋಯಿತು. ಮತ್ತೆ ಎತ್ತಿದರು. ಮತ್ತೆ ಹೋಯಿತು.

"ಸೋತಮೇಲೂ ಎಡಗಡೆಗೇ ಕೈ ಹಾಕ್ತಿದೀರಿ."

"ಮೊದಲು ಅಲ್ಲೇ ಬಂದಿತ್ತಲ್ಲ ಮೇಡಂ."

"ಎಲ್ಲರೂ ಹಾಗೇ ಹೇಳ್ತಾರೆ. ಆದರೆ ಹೆಚ್ಚಿನವರು ಸ್ವಲ್ಪ ಹೊತ್ತಿಗೆ ಕೈ ಬದಲಾಯಿಸ್ತಾರೆ. ಸಣ್ಣ ಗೆಲುವು ಕೊಡೋ ಕಟ್ಟು ಕೊನೆಗೆ ಲಾಭ ಅಂತ ಕಂಡ್ಕೋತಾರೆ. ಬಹಳ ಕಾಲ ಕೊಕೇನ್ ತಗೊಂಡವರ ಗುಂಪನ್ನ ಕೂರಿಸಿದ್ರೆ ಸರಾಸರಿ ಹಾಗಾಗಲ್ಲ. ಸೋಲ್ತಿದೀವಿ ಅಂತ ಬಾಯಲ್ಲಿ ಹೇಳ್ತಾರೆ, ಕೈ ಮಾತ್ರ ಅಲ್ಲೇ ಹೋಗುತ್ತೆ. ಹಣೆಯ ಹಿಂದೆ, ಕಣ್ಣಿನ ಮೇಲ್ಗಡೆ ಮೆದುಳಿನ ಒಂದು ಭಾಗ ಲಾಭ ನಷ್ಟ ತೂಗುತ್ತೆ. ಆಳದಲ್ಲಿ ಇನ್ನೊಂದು ಭಾಗ 'ಅದೇ ಬೇಕು' ಅನ್ನುತ್ತೆ. ಕೊಕೇನ್ ಆ ಎರಡರ ನಡುವಿನ ಮಾತುಕತೆ ಕೆಡಿಸುತ್ತೆ. ಹಳೇ ಗುರುತು ಕಣ್ಣಿಗೆ ಬಿದ್ರೆ, ಅಂದ್ರೆ ಕನ್ನಡಿ, ಪುಡಿ, ವಾಸನೆ, ಆಳದ್ದರ ದನಿಯೇ ಜೋರಾಗುತ್ತೆ."

"ಹಾಗಿದ್ರೆ ಕೈಲಾಸ್ ಹೇಗೆ ಎದ್ದು ಬಂದ?"

"ಯೋಚನೆ ಮಾಡೋಕೆ ನಿಲ್ಲಬೇಡ, ಮೊದಲು ಕಾಲು ಎತ್ತು ಅಂತ ಅಭ್ಯಾಸ ಮಾಡಿಸಿದೀವಿ. ಅವನು ಮಾಡಿದ್ದು ಅದೇ. ಅದು ಎಷ್ಟು ಕಷ್ಟ ಅಂತ ನಿಮಗೆ ಹೇಳೋಕೆ ನನ್ನ ಹತ್ತಿರ ಮಾತಿಲ್ಲ."

"ಕನ್ನಡಿ, ಲಗ್ನಪತ್ರಿಕೆ ಇಟ್ಟವರಿಗೆ ಇದೆಲ್ಲ ಗೊತ್ತಿತ್ತು ಅಂತೀರಾ?"

"ಮನೆಯವರಿಗೆ ನಾನೇ ಹೇಳಿದ್ದೆ. ಇವುಗಳನ್ನ ಅವನ ಕಣ್ಣಿಗೆ ಬೀಳದ ಹಾಗೆ ನೋಡ್ಕೊಳ್ಳಿ ಅಂತ." ಅವರು ಎಲೆಗಳನ್ನು ಜೋಡಿಸುತ್ತಾ ನಿಂತರು. "ನೋಡ್ಕೊಳ್ಳೋಕೆ ಹೇಳಿದ್ದನ್ನ ಹೀಗೆ..."

"ಈ ಆಟ ಮನೆಯವರೂ ಆಡಿದ್ರಾ?"

"ಒಡಹುಟ್ಟಿದವರನ್ನೂ ಕೂರಿಸ್ತೀವಿ, ಹೋಲಿಸಿ ನೋಡೋಕೆ."

"ಗೌರೀಶ್ ಎಷ್ಟು ಗೆದ್ರು?"

"ಅದನ್ನ ನಾನು ಹೇಳೋ ಹಾಗಿಲ್ಲ ಇನ್‌ಸ್ಪೆಕ್ಟರ್. ಅವರ ಒಪ್ಪಿಗೆ ತನ್ನಿ."

ಬಾಗಿಲವರೆಗೆ ಬಂದ ಮಾಯಣ್ಣ ತಿರುಗಿ ನೋಡಿದರು. ಡಾಕ್ಟರ್ ಇನ್ನೂ ಎಡತುದಿಯ ಕಟ್ಟನ್ನೇ ಕೈಯಲ್ಲಿ ಹಿಡಿದು ನಿಂತಿದ್ದರು.

*

ಗುರುವಾರ ಉಳಿದ ಕೊಂಡಿಗಳು ಕೂಡಿದವು. ಗೌರೀಶರ ಸ್ವಂತ ಮೊಬೈಲಿನಿಂದ ಮತ್ತಿಕೆರೆಯ ಮಾರಾಟಗಾರನಿಗೆ ಹೋದ ವಾರ ಎರಡು ಕರೆ ಹೋಗಿದ್ದವು. ಅವನನ್ನು ಬೆಳಿಗ್ಗೆ ಹಿಡಿದರು. "ಹಿಂದೆ ಒಂದ್ಸಲ ಬಂದು, ನನ್ನ ತಮ್ಮನಿಗೆ ಮಾಲು ಕೊಟ್ರೆ ಕೈ ಮುರೀತೀನಿ ಅಂತ ಹೊಡೆದಿದ್ರು ಸಾರ್. ಈ ಸಲ ಅವರೇ ಬಂದು ಕೇಳಿದ್ರು. ನನಗೂ ಅರ್ಥ ಆಗಲಿಲ್ಲ," ಅಂದ. ಗಾದಿಗೆ ನೇರವಾಗಿದ್ದ ಕ್ಯಾಮೆರಾದಲ್ಲಿ ಮಂಗಳವಾರ ಊಟದ ಹೊತ್ತಿಗೆ ಗೌರೀಶ್ ಗಜಕೋಲು ಇಟ್ಟು, ಬಸವಣ್ಣನ ಪಟದ ಮುಂದಿದ್ದ ಲಗ್ನಪತ್ರಿಕೆ ತೆಗೆದುಕೊಂಡು ಮಹಡಿಯ ಕಡೆ ಹೋದದ್ದು ಕಾಣುತ್ತಿತ್ತು. ಮೂರೂಕಾಲರ ಸುಮಾರಿಗೆ ದಿಂಬಿನ ಮರೆಯಲ್ಲಿ ಕೆಂಪು ಕವರಿನ ಫೋನು ಕಿವಿಗಿಟ್ಟದ್ದೂ ಕಾಣುತ್ತಿತ್ತು. ಚಿಕ್ಕಮುನಿಯಮ್ಮನ ಫೋನಿನ ಕವರು ಕೆಂಪು.

ಸಂಜೆ ಆರರ ಹೊತ್ತಿಗೆ ಮಾಯಣ್ಣ ಅಂಗಡಿಗೆ ಹೋದರು. ಗಿರಾಕಿಗಳು ಕಡಿಮೆಯಿದ್ದರು. ನಂಜುಂಡಯ್ಯ ಒಂದು ಕುರ್ಚಿಯಲ್ಲಿ ಕೂತಿದ್ದರು, ತಾಯಿ ಮಹಾನಂದಮ್ಮ ದೀಪದ ಬತ್ತಿ ಹೊಸೆಯುತ್ತಿದ್ದರು. ಗೌರೀಶ್ ಗಾದಿಯ ಮೇಲಿದ್ದರು.

"ರಿಪೋರ್ಟ್ ಬಂತಾ ಸಾರ್? ತಗೊಂಡಿದ್ನಾ?"

"ಇಲ್ಲ. ತಗೊಂಡಿಲ್ಲ."

"ಸರಿಯಾಗಿ ನೋಡಿದಾರಾ?"

ಮಾಯಣ್ಣ ಗಾದಿಯ ಅಂಚಿನಲ್ಲಿ ಕೂರದೆ ನಿಂತೇ ಮಾತಾಡಿದರು. "ಮಂಗಳವಾರ ನೀವು ನಮಗೆ ಫೋನ್ ಮಾಡಿದಾಗ ನಿಮ್ಮ ತಮ್ಮ ನನ್ನ ಎದುರಿಗೆ ಕೂತಿದ್ದ. ಒಂದು ಸಲ ಎದ್ದು ಮಹಡಿ ಹತ್ತಿ ನೋಡಿದ್ರೆ ಗೊತ್ತಾಗ್ತಿತ್ತು."

ಗೌರೀಶ್ ತಂದೆಯ ಕಡೆ ನೋಡಲಿಲ್ಲ. "ಗಾದಿ ಬಿಟ್ಟು ಏಳೋ ಹಾಗಿಲ್ಲ ಸಾರ್."

"ಅಷ್ಟು ಖಾತ್ರಿ ಇತ್ತಾ, ಅವನು ತಗೊಂಡೇ ತಗೋತಾನೆ ಅಂತ?"

"ನನ್ನ ತಮ್ಮ ಅಲ್ವಾ ಸಾರ್. ಮೊದಲು ಮನೇಲಿ ಬರೀ ಕನ್ನಡಿ ಇಟ್ಟು ನೋಡಿದೆ. ಎದ್ದು ಹೋದ. ಇನ್ನೊಂದು ಸಲ ಅರಿಶಿನದ ಪತ್ರಿಕೆ ಇಟ್ಟೆ. ಎದ್ದು ಹೋದ. ಪುಡಿ ಇಟ್ರೆ ಹೇಗೆ ಏಳ್ತಾನೆ ಅಂದ್ಕೊಂಡೆ."

ನಂಜುಂಡಯ್ಯ ಕುರ್ಚಿಯ ಹಿಡಿ ಹಿಡಿದು ಎದ್ದರು. "ಗೌರೀ, ಏನೋ ಇದು? ನಿನಗೇನು ಕಡಿಮೆ ಮಾಡಿದ್ದೆನೋ ನಾನು?"

"ಸಂಪಿಗೆ ರಸ್ತೆ ಗಾದಿ ಯಾರಿಗೆ ಅಪ್ಪಾಜಿ?"

"ಅವನು ಎದ್ದು ನಿಂತಿದಾನೆ ಅಂತ ಒಂದು ಧೈರ್ಯ ಕೊಡೋಣ ಅಂತ..."

"ಬಿದ್ದಿದ್ರೆ ತಾನೇ ಎದ್ದು ನಿಲ್ಲೋದು. ನಾನು ಬೀಳಲಿಲ್ಲ. ಅದೇ ತಪ್ಪಾಯ್ತು." ಗೌರೀಶ್ ಮಾಯಣ್ಣನವರ ಕಡೆ ತಿರುಗಿದರು. ಇಷ್ಟು ದಿನ ಯಾರಿಗೋ ಹೇಳಬೇಕೆಂದು ಕಾದಿದ್ದವರ ದನಿ. "ಮಲ್ಲೇಶ್ವರದಲ್ಲಿ ನನ್ನನ್ನೂ ಆ ಎಲೆ ಆಟಕ್ಕೆ ಕೂರಿಸಿದ್ರು ಸಾರ್. ಮೆದುಳಿನ ಫೋಟೋನೂ ತೆಗೆದ್ರು. ಡಾಕ್ಟರಮ್ಮ ಏನಂದ್ರು ಗೊತ್ತಾ? ನನ್ನದೂ ಅವನ ಹಾಗೇ ಇದೆಯಂತೆ. ಅದೇ ಸೋಲೋ ಕಟ್ಟಿಗೆ ಕೈ ಹಾಕೋ ಮೆದುಳು. ಆದರೂ ನೀವು ಒಂದು ಸಲವೂ ಮುಟ್ಟಿಲ್ಲ, ಅದು ಸಣ್ಣ ವಿಷಯ ಅಲ್ಲ ಅಂದ್ರು. ಇಪ್ಪತ್ತರ ವಯಸ್ಸಲ್ಲಿ ನನ್ನ ಸ್ನೇಹಿತರೂ ಕರೆದಿದ್ರು ಸಾರ್. ನಾನೂ ಎದ್ದು ಬಂದಿದ್ದೆ. ಇದನ್ನ ನಮ್ಮಪ್ಪಂಗೆ ಬರೆದುಕೊಡಿ ಅಂತ ಆಯಮ್ಮನ್ನ ಕೇಳಿದೆ. ಅಧ್ಯಯನದ ನಿಯಮ, ಹಾಗೆ ಬರೆದುಕೊಡೋಕಾಗಲ್ಲ ಅಂದ್ರು."

"ನೀವೇ ಹೇಳಬಹುದಿತ್ತಲ್ಲ."

"ಹೇಳಿದೆ. ಊಟಕ್ಕೆ ಕೂತಾಗ ಹೇಳಿದೆ. ಅವತ್ತು ಹನ್ನೊಂದನೇ ತಾರೀಖು. ಅವನು ಬಿಟ್ಟ ತಾರೀಖು ಅಂತ ಅಮ್ಮ ಪ್ರತಿ ತಿಂಗಳು ಹೋಳಿಗೆ ಮಾಡ್ತಾರೆ. 'ಹೌದೇನಪ್ಪಾ, ಒಳ್ಳೇದಾಯ್ತು' ಅಂದು ಅಮ್ಮ ಅವನ ತಟ್ಟೆಗೆ ತುಪ್ಪ ಹಾಕಿದ್ರು."

ಮಹಾನಂದಮ್ಮನ ಕೈಯಲ್ಲಿ ಬತ್ತಿ ಹಾಗೇ ಉಳಿಯಿತು. ಅವರಿಗೆ ಆ ರಾತ್ರಿಯ ಊಟ ನೆನಪಿಲ್ಲ ಅನ್ನುವುದು ಮುಖದಲ್ಲೇ ಕಾಣುತ್ತಿತ್ತು.

"ದೀಪ ಹಚ್ಚಿಬಿಡಿ ಅಮ್ಮ," ಅಂದರು ಗೌರೀಶ್. "ಇವರು ಕಾಯ್ತಿದಾರೆ."

ಮಾಯಣ್ಣ ಅಡ್ಡಿ ಮಾಡಲಿಲ್ಲ. ದೀಪ ಹತ್ತಿದ ಮೇಲೆ ಗೌರೀಶ್ ಎದ್ದರು. ಹೊದಿಕೆಯ ಸುಕ್ಕು ಸರಿಮಾಡಿದರು. ಗಜಕೋಲನ್ನು ಎತ್ತಿ ಗಾದಿಯ ಮೇಲೆ ಅಡ್ಡಲಾಗಿ ಇಟ್ಟರು. ಆಮೇಲೆ ಕೈ ಚಾಚಿದರು. ಮಾದಕ ವಸ್ತು ಕಾಯ್ದೆಯ ಜೊತೆಗೆ ಸುಳ್ಳು ಸಾಕ್ಷ್ಯ ಸೃಷ್ಟಿಸಿದ್ದು, ಸುಳ್ಳು ಮಾಹಿತಿ ಕೊಟ್ಟದ್ದು ಸೇರಿಸಿ ಬಂಧನದ ಕಾರಣಗಳನ್ನು ವಾಣಿ ಓದಿ ಹೇಳಿದಳು. ಕೈಲಾಸ ಮೆಟ್ಟಿಲ ಕೆಳಗೆ ಅಣ್ಣನ ಚಪ್ಪಲಿ ಹಿಡಿದು ನಿಂತಿದ್ದ. ಗೌರೀಶ್ ಅವನನ್ನು ನೋಡದೆ, ಅವನು ಇಟ್ಟ ಚಪ್ಪಲಿ ಹಾಕಿಕೊಂಡು ಜೀಪು ಹತ್ತಿದರು.

*

ಶುಕ್ರವಾರ ಹನ್ನೊಂದನೇ ತಾರೀಖು. ಅಂದಿನ ಪೇಪರಿನ ಏಳನೇ ಪುಟದಲ್ಲಿ ಪ್ರಕರಣ ನಾಲ್ಕು ಸಾಲು ಬಂದಿತ್ತು, ಫೋಟೋ ಇರಲಿಲ್ಲ. ಹಾಗೆ ಬರಲಿ ಎಂದು ಮಾಯಣ್ಣನವರೇ ಪತ್ರಕರ್ತರ ಮುಂದೆ ಬಾಯಿ ಬಿಟ್ಟಿರಲಿಲ್ಲ. ಆದರೂ ಮೂರನೇ ಪ್ಯಾರಾದಲ್ಲಿ ತಮ್ಮ ಹೆಸರನ್ನು ಹುಡುಕಿದರು. ಮೂರನೇ ಪ್ಯಾರಾವೇ ಇರಲಿಲ್ಲ.

ಕೋರ್ಟಿಗೆ ಹೊರಡುವ ಮೊದಲು ಮಹಾನಂದಮ್ಮ ಸ್ಟೀಲಿನ ಡಬ್ಬಿ ಹಿಡಿದು ಬಂದರು. ಡಬ್ಬಿಯನ್ನು ಮೇಜಿನ ಮೇಲಿಟ್ಟು, ವಾಣಿಗೆ ಮೆಲ್ಲಗೆ ಎರಡು ಮಾತು ಹೇಳಿ ಬೆಂಚಿನಲ್ಲಿ ಕೂತರು. ವಾಣಿ ನಿಯಮದ ಪ್ರಕಾರ ಮುಚ್ಚಳ ತೆಗೆದು ನೋಡಿದಳು. ನಾಲ್ಕು ಹೋಳಿಗೆ, ಬಟ್ಟಲಿನಲ್ಲಿ ತುಪ್ಪ. ಒಂದನ್ನು ಮುರಿದು ಪರೀಕ್ಷಿಸಿ ಒಳಗೆ ಕೊಂಡೊಯ್ದಳು. ಮಾಯಣ್ಣ ಹಿಂದೆ ಹೋಗಿ ನಿಂತರು.

ಗೌರೀಶ್ ಡಬ್ಬಿಯನ್ನು ಮುಟ್ಟದೆ ನೋಡಿದರು.

"ಕೈಲಾಸನಿಗೆ ಮಾಡಿ ಉಳಿದದ್ದಾ?"

"ಮುಟ್ಟಿ ನೋಡಿ, ಇನ್ನೂ ಬಿಸಿ ಇದೆ," ಅಂದಳು ವಾಣಿ. "ನಿಮಗೇ ಅಂತ ಎದ್ದು ಮಾಡ್ಕೊಂಡು ಬಂದಿದಾರೆ. ಅಲ್ಲಿ ಮನೇಲಿ ಇವತ್ತು ಒಲೆ ಹಚ್ಚಿದ್ದೇ ಇದಕ್ಕಂತೆ."

ಗೌರೀಶ್ ತಲೆ ಆಡಿಸಿದರು. ಅರ್ಥವಾಯಿತು ಅನ್ನುವಂತೆ ಆಡಿಸಿದರು. ಮುರಿದ ಹೋಳಿಗೆಯ ಒಂದು ತುಂಡನ್ನು ಕೈಗೆ ತೆಗೆದುಕೊಂಡರು. ಬೆರಳುಗಳಿಗೆ ಬಿಸಿ ತಾಗಿದ್ದು ಮಾಯಣ್ಣನವರಿಗೆ ಕಾಣಿಸಿತು. ತುಂಡನ್ನು ಬಾಯಿಯ ಹತ್ತಿರ ಒಯ್ದವರು ಅಲ್ಲೇ ನಿಲ್ಲಿಸಿ, ಹೊರಗಿನ ಬೆಂಚಿನ ಕಡೆ ಕತ್ತು ಚಾಚಿ ಕೇಳಿದರು.

"ಅಮ್ಮಾ, ಅವನಿಗೆ ಎಷ್ಟು ಮಾಡಿದ್ರಿ?"